ಅಂಗಡಿ ನಿಮ್ಮದು, ಕೀಲಿಕೈ ಯಾರದು?

ಮನೆ ಕಟ್ಟಿಸಲು ನಮ್ಮ ಕಡೆಯವರು ಗೌಂಡಿಯನ್ನು ಕರೆಯುತ್ತಾರೆ. ಹಿತ್ತಿಲ ಗೋಡೆ ಬಿರುಕು ಬಿಟ್ಟರೆ ತಾವೇ ಮಣ್ಣು ಕಲಸಿ ಮೆತ್ತುತ್ತಾರೆ. ಯಾವುದಕ್ಕೆ ಕೂಲಿ ಕೊಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಅದೇ ಜನ ವ್ಯಾಪಾರಕ್ಕೊಂದು ಜಾಲತಾಣ ಬೇಕೆಂದ ಕೂಡಲೇ ‘ಅದೆಲ್ಲ ಕಂಪ್ಯೂಟರ್ ಕಲಿತವರ ಕೆಲಸ’ ಎಂದು ಪೂರ್ತಿಯಾಗಿ ಬೇರೆಯವರ ಕೈಗೆ ಒಪ್ಪಿಸಿಬಿಡುತ್ತಾರೆ.

ಸವದತ್ತಿ ಸೀಮೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟ್ರ್ಯಾಕ್ಟರಿಗೆ ಜೋಡಿಸುವ ಕೂರಿಗೆ, ಕುಂಟೆ ತಯಾರಿಸುತ್ತಾನೆ. ಗದಗ, ಬಾಗಲಕೋಟೆ ಕಡೆಯ ರೈತರೂ ಹುಡುಕಿಕೊಂಡು ಬರುತ್ತಾರೆ. ಪರಿಚಯದ ಹುಡುಗನೊಬ್ಬನಿಗೆ ಹದಿನೈದು ಸಾವಿರ ಕೊಟ್ಟು ತಾಣ ಮಾಡಿಸಿದ. ಚೆನ್ನಾಗಿಯೇ ಇತ್ತು. ಎರಡು ವರ್ಷದ ಮೇಲೆ ಹುಡುಗ ನೌಕರಿ ಹಿಡಿದು ಪುಣೆಗೆ ಹೋದ. ಅವನ ಫೋನ್ ನಂಬರೂ ಬದಲಾಯಿತು. ತಾಣದ ಹೆಸರಿನ ವಾಯಿದೆ ಮುಗಿಯಿತು, ಅದನ್ನು ಬೇರೆ ಯಾರೋ ಹಿಡಿದುಕೊಂಡರು. ಈಗ ಆ ಹೆಸರನ್ನು ಒತ್ತಿದರೆ ಇಸ್ಪೀಟಿನ ಜೂಜಿಗೆ ಕರೆಯುವ ಪುಟ ತೆರೆದುಕೊಳ್ಳುತ್ತದೆ!

‘ಸರ, ವಿಸಿಟಿಂಗ್ ಕಾರ್ಡಿನ್ಯಾಗ ಅದೇ ಹೆಸರು ಛಾಪಿಸೇನಿ. ಈಗ ಕೇಳಾಕ ಹೋದ್ರ ಹೆಸರು ನಿಮ್ಮದಲ್ಲ ಅಂತಾರ’ ಎಂದ. ಅವರು ಹೇಳಿದ್ದೂ ನಿಜವೇ. ನೋಂದಣಿ ಮೊದಲಿನಿಂದಲೂ ಆ ಹುಡುಗನ ಹೆಸರಿನಲ್ಲಿತ್ತು.

ಜಾಲತಾಣವೆಂದರೆ ಒಂದೇ ವಸ್ತುವಲ್ಲ. ಅದಕ್ಕೊಂದು ಹೆಸರು ಬೇಕು. ಪುಟಗಳನ್ನು ಇಡಲು ಎಲ್ಲೋ ಒಂದು ಗಣಕದಲ್ಲಿ ಬಾಡಿಗೆ ಜಾಗ ಬೇಕು. ಮೂರನೆಯದಾಗಿ ಪುಟಗಳೇ ಬೇಕು. ಹೆಸರನ್ನು ಹೊಲದಂತೆ ಖರೀದಿಗೆ ಪಡೆಯಲಾಗದು, ಲಾವಣಿಗೆ ಪಡೆಯಬಹುದಷ್ಟೆ. ವರ್ಷ ವರ್ಷ ಹಣ ಕಟ್ಟಿ ನವೀಕರಿಸುತ್ತಿರಬೇಕು. ಸಾಮಾನ್ಯವಾಗಿ ಇದು ಕೆಲವು ನೂರು ರೂಪಾಯಿಗಳಿಂದ ಸಾವಿರದ ಆಸುಪಾಸಿನ ಬಾಬತ್ತು. ಮೂರರಲ್ಲಿ ಅತಿ ಅಗ್ಗದ್ದು ಇದೇ, ಕಳೆದುಕೊಂಡರೆ ಅತಿ ತುಟ್ಟಿಯದೂ ಇದೇ. ಪುಟ ಹೋದರೆ ಮತ್ತೆ ಬರೆಯಬಹುದು. ಹತ್ತೂರಿನ ರೈತರ ಜೇಬಿನಲ್ಲಿರುವ ಕಾರ್ಡನ್ನು ವಾಪಸು ಪಡೆಯುವುದು ಹೇಗೆ?

ಹಾಗಾದರೆ ಪುಕ್ಕಟೆ ಸಿಗುವ ತಾಣ ಸಾಲದೇ ಎನ್ನುವವರಿದ್ದಾರೆ. ಲಕ್ಷಾಂತರ ಜನ ಸ್ವಂತ ಪುಟ ಬರೆದುಕೊಂಡಿದ್ದ ‘ಜಿಯೋಸಿಟೀಸ್’ ಅನ್ನು ಯಾಹೂ ಕಂಪನಿ 2009ರಲ್ಲಿ ಮುಚ್ಚಿತು. ಅಂಗಡಿಕಾರರಿಗೆ ಗೂಗಲ್ ಉಚಿತವಾಗಿ ಕೊಟ್ಟಿದ್ದ ಪುಟ್ಟ ತಾಣಗಳು 2024ರ ಮಾರ್ಚ್‌ನಲ್ಲಿ ನಿಂತವು. ನಕಾಶೆಯಲ್ಲಿ ಅಂಗಡಿಯ ಗುರುತು ಉಳಿಯಿತು, ತಾಣ ಹೋಯಿತು. ಉಚಿತವಾದದ್ದನ್ನು ಬಳಸಬಾರದೆಂದಲ್ಲ, ಅದು ಬೇರೆಯವರ ಕಟ್ಟೆಯ ಮೇಲೆ ಹಾಕಿದ ಅಂಗಡಿ ಎಂಬುದು ನೆನಪಿರಲಿ.

ಇನ್ನು ಪುಟಗಳನ್ನು ನಾವೇ ಮಾಡಬಹುದೇ? 1996ರಲ್ಲಿ ಡಾ. ಯು.ಬಿ. ಪವನಜ ‘ವಿಶ್ವಕನ್ನಡ’ ಅಂತರ್ಜಾಲ ಪತ್ರಿಕೆ ಆರಂಭಿಸಿದಾಗ ಅವರು ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದ ವಿಜ್ಞಾನಿ. ತಾಣ ಕಟ್ಟುವುದು ಅವರ ನೌಕರಿಯಾಗಿರಲಿಲ್ಲ. ಆಗ ಕನ್ನಡ ಅಕ್ಷರ ತೆರೆಯ ಮೇಲೆ ಮೂಡುವುದೇ ಒಂದು ಸಾಹಸ. ಈಗ ಯೂನಿಕೋಡ್ ಇದೆ, ಯಾವ ಮೊಬೈಲಿನಲ್ಲೂ ಕನ್ನಡ ಬರೆಯಬಹುದು. ನಾಲ್ಕು ಪುಟದ ತಾಣವನ್ನು ವರ್ಡ್‌ಪ್ರೆಸ್‌ನಂಥ ಸಾಧನದಿಂದ ಹತ್ತನೇ ಇಯತ್ತೆಯ ಹುಡುಗಿ ರಜೆಯಲ್ಲಿ ಮಾಡಿಯಾಳು.

ಆದರೆ ಡಿ.ಟಿ.ಪಿ. ಅಂಗಡಿಯಲ್ಲಿ ಮಾಡಿಸಿದ ಕರಪತ್ರವನ್ನೇ ಚಿತ್ರವಾಗಿ ಅಂಟಿಸಬೇಡಿ. ಕಣ್ಣಿಗೆ ಅದು ಅಕ್ಷರ, ಗಣಕಕ್ಕೆ ಬಣ್ಣದ ಚುಕ್ಕೆಗಳ ರಾಶಿ. ‘ಕೂರಿಗೆ’ ಎಂದು ಹುಡುಕುವ ರೈತನಿಗೆ ಅದು ಸಿಗುವ ಭರವಸೆಯಿಲ್ಲ. ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿದ್ದನ್ನು ಹಾಗೆಯೇ ಎತ್ತಿ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ಫೋಟೋಗಳನ್ನೂ ಕುಗ್ಗಿಸಿ ಹಾಕಿ. ಹೊಲದ ಬದುವಿನಲ್ಲಿ ನಿಂತವನ ಫೋನಿಗೆ ಸಿಗ್ನಲ್ ಒಂದೇ ಕಡ್ಡಿ.

ಪರಿಣತರು ಬೇಕಾಗುವ ಜಾಗವೂ ಇದೆ. ತಾಣದಲ್ಲೇ ಹಣ ಪಡೆಯುವುದು, ನೂರಾರು ಸಾಮಾನಿನ ದಾಸ್ತಾನು ಲೆಕ್ಕ, ಗಿರಾಕಿಗಳ ವಿಳಾಸ ಕಾಯುವುದು, ಇವುಗಳಿಗೆ ಧಾರಾಳವಾಗಿ ದುಡ್ಡು ಕೊಡಿ. ಕರೆಂಟಿನ ಮೇನ್ ಸ್ವಿಚ್ಚಿಗೆ ಅರೆಬರೆ ಕಲಿತವರು ಕೈ ಹಾಕಬಾರದು. ಆಗಲೂ ಬರೆಹ ನಿಮ್ಮದೇ ಇರಲಿ. ನಮ್ಮ ಹೂಲಿಯ ಶಾಸನಗಳನ್ನು ನೋಡಿ. ಅಕ್ಷರ ಕೊರೆದದ್ದು ಕಲ್ಲುಕುಟಿಗನೇ, ಆದರೆ ಯಾವ ದೇವರಿಗೆ ಎಷ್ಟು ಭೂಮಿ ಎಂಬುದನ್ನು ಅವನು ಊಹಿಸಿ ಬರೆಯಲಿಲ್ಲ. ಯಾವ ಕೂರಿಗೆ ಎರೆ ಭೂಮಿಗೆ, ಯಾವುದು ಮಸಾರಿಗೆ ಎಂದು ತಾಣ ಕಟ್ಟುವವನಿಗೆ ಹೇಗೆ ಗೊತ್ತಾಗಬೇಕು?

ಮುಂಗಡ ಕೊಡುವ ಮೊದಲೇ ಕೇಳಿ: ಹೆಸರಿನ ನೋಂದಣಿ ನನ್ನ ಹೆಸರು, ನನ್ನ ಇ-ಮೇಲ್ ವಿಳಾಸಕ್ಕೇ ಆಗುತ್ತದೆಯೇ? ಪಾಸ್‌ವರ್ಡ್ ನನಗೆ ಕೊಡುತ್ತೀರಾ? ಪುಟಗಳ ಒಂದು ಪ್ರತಿ ನನ್ನ ಬಳಿ ಇರುತ್ತದೆಯೇ? ವರ್ಷಕ್ಕೆ ಎಷ್ಟು, ಯಾವುದಕ್ಕೆ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ. ‘ಅದೆಲ್ಲ ನಾವು ನೋಡ್ಕೋತೀವ್ರಿ’ ಎಂದಷ್ಟೇ ಹೇಳುವವರಿಗೆ ಒಂದು ಚಹಾ ಕುಡಿಸಿ ಕಳಿಸಬಹುದು.