ರಕ್ತ ಪರೀಕ್ಷೆಯಿಂದ ಮಗುವಿನ ಆಟಿಸಂ ಪತ್ತೆಯಾಗುತ್ತದೆಯೇ?

ಸಾರಾಂಶ

ರಕ್ತ ಪರೀಕ್ಷೆಯೊಂದರಿಂದಲೇ ಮಗುವಿಗೆ ಆಟಿಸಂ ಇದೆ ಅಥವಾ ಇಲ್ಲ ಎಂದು ಹೇಳಬಹುದೇ? ಈ ಪ್ರಶ್ನೆಯನ್ನು ನಾವು ಪರಿಶೀಲಿಸಿದ್ದೇವೆ. ಸದ್ಯಕ್ಕೆ ಉತ್ತರ: ಇಲ್ಲ.

ಜೈವಿಕ ಸೂಚಕ ಎಂದರೇನು?

ದೇಹದಲ್ಲಿ ಅಳೆಯಬಹುದಾದ, ಕಾಯಿಲೆ ಅಥವಾ ಸ್ಥಿತಿಯೊಂದರ ಸುಳಿವು ಕೊಡುವ ಅಂಶವೇ ಜೈವಿಕ ಸೂಚಕ. ಮಧುಮೇಹಕ್ಕೆ ರಕ್ತದ ಸಕ್ಕರೆ ಅಂಥ ಸೂಚಕ. ಆಟಿಸಂನಲ್ಲಿ ಈ ಹುಡುಕಾಟ ಹೊಸದಲ್ಲ. ಕೆಲವು ಮಕ್ಕಳ ರಕ್ತದಲ್ಲಿ ಸಿರೊಟೋನಿನ್ ಹೆಚ್ಚಿರುವುದು 1961ರಲ್ಲೇ ವರದಿಯಾಗಿತ್ತು.

ಹಾಗಾದರೆ ಅದೇ ಪರೀಕ್ಷೆ ಏಕೆ ಸಾಲದು?

ಆಟಿಸಂ ಇರುವ ಮಕ್ಕಳಲ್ಲಿ ಸಿರೊಟೋನಿನ್ ಹೆಚ್ಚಿರುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಹೆಚ್ಚು. ಆದರೆ ಎತ್ತರವನ್ನಷ್ಟೇ ಕೇಳಿ ಗಂಡೋ ಹೆಣ್ಣೋ ಹೇಳಲಾಗದು. ಇದೂ ಹಾಗೆಯೇ.

ಒಂದು ಲೆಕ್ಕ ನೋಡೋಣ. 1,000 ಮಕ್ಕಳಲ್ಲಿ 10 ಮಕ್ಕಳಿಗೆ ಆಟಿಸಂ ಇದೆ, ಪರೀಕ್ಷೆ ನೂರಕ್ಕೆ 90ರಷ್ಟು ಸರಿ ಎಂದುಕೊಳ್ಳಿ. ಅದು 9 ಮಕ್ಕಳನ್ನು ಸರಿಯಾಗಿ ಗುರುತಿಸುತ್ತದೆ. ಜೊತೆಗೆ, ಆಟಿಸಂ ಇಲ್ಲದ 99 ಮಕ್ಕಳಿಗೂ 'ಇದೆ' ಎನ್ನುತ್ತದೆ!

ವೈದ್ಯರು ರಕ್ತ ಪರೀಕ್ಷೆ ಬರೆಯುವುದೇಕೆ?

ಫ್ರಾಜೈಲ್ ಎಕ್ಸ್‌ನಂಥ ಆನುವಂಶಿಕ ಕಾರಣ, ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆಗಳನ್ನು ತಿಳಿಯಲು. ಇವು ಉಪಯುಕ್ತ. ಆದರೆ 'ಲೋಹದ ವಿಷ ತೆಗೆದರೆ ಆಟಿಸಂ ಗುಣವಾಗುತ್ತದೆ' ಎಂಬ ಮಾತಿಗೆ ಆಧಾರವಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2005ರಲ್ಲಿ ಇಂಥ ಕಿಲೇಶನ್ ಚಿಕಿತ್ಸೆ ಪಡೆಯುತ್ತಿದ್ದ ಐದು ವರ್ಷದ ಬಾಲಕ ತೀರಿಕೊಂಡ.

ಆಟಿಸಂ ಗುರುತಿಸುವುದು ಹೇಗೆ?

ಮಗುವಿನ ನಡವಳಿಕೆ ಗಮನಿಸಿ, ಪಾಲಕರೊಂದಿಗೆ ವಿವರವಾಗಿ ಮಾತನಾಡಿ. ಹೆಸರು ಕರೆದರೂ ತಿರುಗಿ ನೋಡದಿರುವುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿರುವುದು, ಕಲಿತ ಮಾತು ನಿಂತುಹೋಗುವುದು ಗಮನಿಸಬೇಕಾದ ಲಕ್ಷಣಗಳು. ನಮ್ಮ ದೇಶದಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ 'ಐಸಾ' ಮಾಪನದಲ್ಲಿ 40 ಅಂಶಗಳಿವೆ. ಅದರಲ್ಲಿ ರಕ್ತದ ವರದಿಗೆ ಅಂಕವಿಲ್ಲ.

ಪಾಲಕರು ಏನು ಮಾಡಬೇಕು?

ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿಯಂಥ ಊರಿನವರು ದುಬಾರಿ ಪರೀಕ್ಷೆಗಾಗಿ ಮೊದಲು ದೊಡ್ಡ ನಗರಕ್ಕೆ ಓಡಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಅವರಿಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗೆ ಬಂದು ಮಕ್ಕಳ ಬೆಳವಣಿಗೆ ಪರೀಕ್ಷಿಸುತ್ತವೆ, ಅಗತ್ಯವಿದ್ದರೆ ಮುಂದಿನ ಆಸ್ಪತ್ರೆಗೆ ಕಳಿಸುತ್ತವೆ. ಮಾತು ಮತ್ತು ನಡವಳಿಕೆಯ ತರಬೇತಿ ಬೇಗ ಶುರುವಾದಷ್ಟೂ ಮಗುವಿಗೆ ಅನುಕೂಲ. ರಕ್ತದ ವರದಿಗೆ ಕಾಯುತ್ತ ಆ ತಿಂಗಳುಗಳನ್ನು ಕಳೆದುಕೊಳ್ಳಬೇಡಿ.