ಒಂಬತ್ತು ಸೀಟಿನ ವ್ಯಾನೂ ನಮ್ಮ ಕೂಲಿಯಾಳುಗಳೂ

ಬೆಳಗಿನ ಜಾವ ಐದು ಗಂಟೆಗೆ ಡೆಂಕಣಿಕೋಟೆಯಿಂದ ತಳಿಗೆ ಹೋಗುವ ರಸ್ತೆಯಲ್ಲಾಗಲಿ, ರಾಯಕೋಟೆಯ ಸುತ್ತಿನ ಹಳ್ಳಿಗಳಲ್ಲಾಗಲಿ ಒಂದು ಗಳಿಗೆ ನಿಂತು ನೋಡಿದವರಿಗೆ ನಾವು ಹೇಳಹೊರಟಿರುವ ಸಂಗತಿ ಹೊಸದೇನಲ್ಲ. ಟೊಮೇಟೊ ಬಿಡಿಸುವುದಕ್ಕೆ, ಗುಲಾಬಿ ಕೊಯ್ಯುವುದಕ್ಕೆ, ಕೋಸಿನ ಹೊಲದಲ್ಲಿ ಕಳೆ ತೆಗೆಯುವುದಕ್ಕೆ ಹೊರಟ ಹೆಂಗಸರು ಒಂದು ಪುಟ್ಟ ವ್ಯಾನಿನೊಳಗೆ ಒತ್ತಿಕೊಂಡು ಕುಳಿತಿರುತ್ತಾರೆ. ಬುತ್ತಿಯ ಡಬ್ಬಿ ತೊಡೆಯ ಮೇಲೆ. ಅದರ ಮೇಲೆ ಇನ್ನೊಬ್ಬರ ಮೊಣಕೈ. ಬಾಗಿಲು ಪೂರ್ತಿ ಮುಚ್ಚದ ಕಾರಣ ಒಬ್ಬಾಕೆ ಅದನ್ನು ಕೈಯಿಂದ ಎಳೆದು ಹಿಡಿದಿರುತ್ತಾಳೆ. ಕಾಗದದಲ್ಲಿ ಏಳು ಸೀಟು ಎಂದು ಬರೆದಿರುವ ಗಾಡಿಯಿಂದ ಹೊಲದ ಬದುವಿನಲ್ಲಿ ಹದಿನಾರು ಜನ ಇಳಿದದ್ದನ್ನು ನಾವೇ ಎಣಿಸಿದ್ದೇವೆ.

ಇಂಥ ವ್ಯಾನೊಂದನ್ನು ಕೊಳ್ಳಬೇಕೆಂದಿರುವ ಒಕ್ಕಲು ಮಕ್ಕಳು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಒಂದೇ: “ಎಷ್ಟು ಜನ ಹಿಡಿಸುತ್ತದೆ?” ಈ ಪ್ರಶ್ನೆಯೇ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಜನ ಎಷ್ಟು ಬೇಕಾದರೂ ಹಿಡಿಸುತ್ತಾರೆ. ಎಷ್ಟು ತೂಕವನ್ನು ಯಾವ ಘಾಟಿಯಲ್ಲಿ ಏರಿಸಿ ಇಳಿಸಬಲ್ಲದು ಎಂದು ಕೇಳತಕ್ಕದ್ದು.

ನಮ್ಮ ಸೀಮೆಯ ನೆಲದ ಸ್ವರೂಪವನ್ನು ಒಮ್ಮೆ ನೆನೆಯೋಣ. ಹೊಸೂರು, ಡೆಂಕಣಿಕೋಟೆಗಳು ಹಿಂದೆ ಸೇಲಂ ಜಿಲ್ಲೆಗೆ ಸೇರಿದ್ದವು. 1965ರಲ್ಲಿ ಧರ್ಮಪುರಿ ಜಿಲ್ಲೆಯಾದಾಗ ಅತ್ತ ಹೋದವು. 2004ರಲ್ಲಿ ಕೃಷ್ಣಗಿರಿ ಬೇರೆಯಾದ ಮೇಲೆ ಅದರ ಪಾಲಾದವು. ಕಛೇರಿ ಬದಲಾದರೂ ರಸ್ತೆಯ ಇಳಿಜಾರು ಬದಲಾಗಲಿಲ್ಲ. ಹೊಸೂರಿನ ಮೈದಾನ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಸೇಲಂ ಪಟ್ಟಣ 300 ಮೀಟರಿಗಿಂತಲೂ ಕೆಳಗೆ. ನಡುವಣ ಇಳಿತವೆಲ್ಲ ನಮ್ಮ ಘಾಟಿಗಳಲ್ಲಿಯೇ ಆಗಬೇಕು. ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಕಾಡಿನ ನಡುವೆ ಇಳಿಯುವ ದಾರಿ ಒಂದು, ಧರ್ಮಪುರಿಯಿಂದ ಸೇಲಂ ಕಡೆಗೆ ತೊಪ್ಪೂರು ಇಳಿಜಾರು ಇನ್ನೊಂದು. ಸೇಲಮಿನಿಂದ ಏರ್ಕಾಡಿಗೆ ಹತ್ತುವ ಇಪ್ಪತ್ತು ತಿರುವುಗಳ ಮಾತು ಬೇರೆಯೇ ಇದೆ.

ಇನ್ನು ಒಂಬತ್ತು ಎಂಬ ಸಂಖ್ಯೆಯ ವಿಚಾರ. ಚಾಲಕನ ಹೊರತು ಎಂಟು ಸೀಟಿಗೆ ಮೀರದ ವಾಹನವನ್ನು ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ಒಂದು ವರ್ಗವಾಗಿ ಇಟ್ಟಿವೆ. ಅಂದರೆ ಚಾಲಕನೂ ಸೇರಿ ಒಂಬತ್ತು ಎಂಬುದು ಈ ವರ್ಗದ ಕೊನೆಯ ಮೆಟ್ಟಿಲು. ಬಾಡಿಗೆಗೆ ಓಡಿಸುವುದಾದರೆ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಆರಕ್ಕಿಂತ ಹೆಚ್ಚು, ಹನ್ನೆರಡಕ್ಕೆ ಮೀರದ ಪ್ರಯಾಣಿಕರ ಗಾಡಿ ಮ್ಯಾಕ್ಸಿ ಕ್ಯಾಬ್ ಎನಿಸುತ್ತದೆ, ಅದಕ್ಕೆ ಪರ್ಮಿಟ್ಟು ಬೇಕು. ಒಂಬತ್ತು ಸೀಟಿನ ಪೆಟ್ರೋಲ್ ವ್ಯಾನು ಲೋಕಕ್ಕೆ ಹೊಸದೂ ಅಲ್ಲ. 1950ರಲ್ಲಿಯೇ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆ 25 ಅಶ್ವಶಕ್ತಿಯ ಎಂಜಿನನ್ನು ಹಿಂಬದಿಗೆ ಕೂರಿಸಿ ಎಂಟು ಒಂಬತ್ತು ಜನರ ವ್ಯಾನನ್ನು ಹೊರತಂದಿತ್ತು. ನಮ್ಮಲ್ಲಿ 1984ರಲ್ಲಿ ಮಾರುತಿ ವ್ಯಾನು ಬಂತು. ಮುಂದೆ ಓಮ್ನಿ ಎಂದು ಹೆಸರಾಯಿತು. 796 ಸಿಸಿ, ಮೂರು ಸಿಲಿಂಡರು, ಸುಮಾರು 35 ಅಶ್ವಶಕ್ತಿ, ಐದು ಸೀಟು ಇಲ್ಲವೆ ಎಂಟು ಸೀಟು. 2019ರಲ್ಲಿ ಅದರ ತಯಾರಿಕೆ ನಿಂತಿತು. 2010ರಲ್ಲಿ ಬಂದ ಈಕೋ ಐದು ಮತ್ತು ಏಳು ಸೀಟಿನದು. 2022ರ ಕೊನೆಯಲ್ಲಿ ಅದಕ್ಕೆ 1197 ಸಿಸಿಯ ಹೊಸ ಎಂಜಿನು ಕೂಡಿತು, ಶಕ್ತಿ ಸುಮಾರು 80 ಅಶ್ವಶಕ್ತಿ. 2025ರಲ್ಲಿ ಆರು ಗಾಳಿಚೀಲಗಳನ್ನು ಕೊಟ್ಟು ಏಳು ಸೀಟಿನ ಜಾಗದಲ್ಲಿ ಆರು ಸೀಟನ್ನೇ ಇಟ್ಟರು. ನೋಡಿರಿ, ಕಾರ್ಖಾನೆಯವರು ಎಂಟರಿಂದ ಏಳಕ್ಕೆ, ಏಳರಿಂದ ಆರಕ್ಕೆ ಇಳಿಯುತ್ತಿದ್ದಾರೆ. ನಮ್ಮ ಮೇಸ್ತ್ರಿಗಳು ಹನ್ನೆರಡರಿಂದ ಹದಿನಾರಕ್ಕೆ ಏರುತ್ತಿದ್ದಾರೆ!

ಡೀಸೆಲ್ ಏಕಾಗಬಾರದು ಎಂದು ಹಳಬರು ಕೇಳುವುದುಂಟು. 2020ರ ಏಪ್ರಿಲಿನಲ್ಲಿ ಹೊಗೆಯ ಕಟ್ಟುಪಾಡು ಬಿಗಿಯಾದ ಮೇಲೆ ಸಣ್ಣ ಡೀಸೆಲ್ ಎಂಜಿನುಗಳ ಬೆಲೆ ಏರಿತು, ಹಲವು ಮರೆಯಾದವು. ಅಲ್ಲದೆ ಈಗಿನ ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದಿರುತ್ತದೆ. ದೂರ ಓಡಿ ಚೆನ್ನಾಗಿ ಕಾದರೆ ಮಾತ್ರ ಅದರ ಮಸಿ ಸುಟ್ಟುಹೋಗುವುದು. ಹಳ್ಳಿಯಿಂದ ತೋಟಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಓಡಿ ನಿಲ್ಲುವ ಗಾಡಿಗೆ ಅದು ತಲೆನೋವು. ಆದಕಾರಣ ನಮ್ಮ ಕೆಲಸಕ್ಕೆ ಪೆಟ್ರೋಲೇ ಸರಿ ಎಂದು ನಾವು ಒಪ್ಪುತ್ತೇವೆ. ಆದರೆ ಪೆಟ್ರೋಲ್ ಎಂಜಿನಿನ ಗುಣ ತಿಳಿದು ಓಡಿಸಬೇಕು.

ಡೀಸೆಲ್ ಎತ್ತಿನಂತೆ ನಿಧಾನವಾಗಿ ಹೆಜ್ಜೆಯಿಟ್ಟು ಎಳೆಯುತ್ತದೆ. ಸಣ್ಣ ಪೆಟ್ರೋಲ್ ಎಂಜಿನು ಕುದುರೆಯ ಜಾತಿ. ಓಟ ಹಿಡಿದರೆ ಮಾತ್ರ ಬಲ. ಮೇಲೆ ಹೇಳಿದ 1197 ಸಿಸಿಯ ಎಂಜಿನಿನ ಎಳೆತದ ಬಲ ನಿಮಿಷಕ್ಕೆ 3000 ಸುತ್ತಿನ ಸುಮಾರಿಗೆ ಹೆಚ್ಚು. ಪೂರ್ಣ ಅಶ್ವಶಕ್ತಿ ಬರುವುದು 6000 ಸುತ್ತಿಗೆ. ತುಂಬಿದ ಗಾಡಿಯನ್ನು ಏರಿನಲ್ಲಿ ಮೂರನೆಯ ಗೇರಿನಲ್ಲಿ ಗುರುಗುಟ್ಟಿಸುತ್ತ ಹತ್ತಿಸುವುದು ನಮ್ಮ ಚಾಲಕರ ಅಭ್ಯಾಸ. ಇದರಿಂದ ಪೆಟ್ರೋಲ್ ಉಳಿಯದು, ಎಂಜಿನು ಬಡಿದುಕೊಳ್ಳುತ್ತದೆ, ಕಾವು ಏರುತ್ತದೆ. ಏರು ಬರುವ ಮುಂಚೆಯೇ ಎರಡನೆಯ ಗೇರಿಗೆ ಇಳಿಸಿ, ಎಂಜಿನು ಸ್ವಲ್ಪ ಕೂಗಿದರೂ ಚಿಂತೆಯಿಲ್ಲವೆಂದು ಒಂದೇ ಸಮನೆ ಹತ್ತಿಸಬೇಕು. ಕೂಗಿಗೆ ಹೆದರುವವರು ಬಿಲ್ಲಿಗೆ ಹೆದರುವುದಿಲ್ಲ, ವಿಚಿತ್ರ!

ಈ ವ್ಯಾನುಗಳಲ್ಲಿ ಎಂಜಿನು ಮುಂದಿನ ಸೀಟಿನ ಕೆಳಗೆ ಕುಳಿತಿರುತ್ತದೆ, ಎಳೆಯುವುದು ಹಿಂಚಕ್ರ. ಇದರಿಂದ ಒಂದು ಒಳಿತು, ಎರಡು ಕೆಡಕು. ಆಳು ತುಂಬಿದಾಗ ಭಾರ ಹಿಂಚಕ್ರದ ಮೇಲೆ ಬೀಳುವುದರಿಂದ ಏರಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ಖಾಲಿ ಮರಳುವಾಗ ಹಿಂಭಾಗ ಹಗುರಾಗಿ, ಮಳೆಗಾಲದ ಕೆಮ್ಮಣ್ಣಿನ ಜಾಡಿನಲ್ಲಿ ಅತ್ತಿತ್ತ ಜಾರುತ್ತದೆ. ಎರಡನೆಯದು ಹೆಚ್ಚಿನ ಕೆಡಕು: ಮುಂದೆ ಮೂತಿಯೇ ಇಲ್ಲದ ಗಾಡಿಯಲ್ಲಿ ಚಾಲಕನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ತಗಡು ಬಿಟ್ಟರೆ ಹೆಚ್ಚಿನದೇನಿಲ್ಲ. ಮುಂದಿನ ಎರಡು ಸೀಟಿನಲ್ಲಿ ಮೂವರನ್ನು ಕೂರಿಸುವವರು ಇದನ್ನು ಯೋಚಿಸಬೇಕು. ಮೇಲಾಗಿ ಗಾಡಿಯ ಎತ್ತರ ಹೆಚ್ಚು, ಅಗಲ ಕಡಿಮೆ, ಚಕ್ರಗಳ ನಡುವಣ ದೂರ 2350 ಮಿಲಿಮೀಟರು ಮಾತ್ರ. ತಲೆಯ ಮೇಲಿನ ಕ್ಯಾರಿಯರಿಗೆ ಟೊಮೇಟೊ ಕ್ರೇಟುಗಳನ್ನು ಏರಿಸಿದರೆ, ಕ್ರೇಟಿಗೆ 25 ಕಿಲೋ ಹಿಡಿದರೂ, ಎಂಟು ಕ್ರೇಟಿಗೆ ಎರಡು ಕ್ವಿಂಟಾಲು ತಲೆಭಾರ. ತಿರುವಿನಲ್ಲಿ ಅದು ಯಾವ ಕಡೆಗೆ ಎಳೆಯುತ್ತದೆಂಬುದನ್ನು ಗಾಡಿ ಕಟ್ಟಿ ಹುಲ್ಲು ಹೇರಿದ ರೈತನಿಗೆ ನಾವು ಹೇಳಿಕೊಡಬೇಕಾಗಿಲ್ಲ. (ಅಂಚೆಟ್ಟಿಯ ಕಾಡಿನಲ್ಲಿ ಆನೆ ಅಡ್ಡ ನಿಂತಾಗ ಈ ಪುಟ್ಟ ಗಾಡಿ ಬೇಗ ಹಿಂದೆ ಸರಿಯುತ್ತದೆಂಬ ಹೊಗಳಿಕೆಯನ್ನೂ ಕೇಳಿದ್ದೇವೆ. ಅದು ನಿಜ, ಹಿಂದಿನ ಗಾಜಿನಲ್ಲಿ ದಾರಿ ಕಾಣುವಷ್ಟು ಜನ ಕಡಿಮೆಯಿದ್ದರೆ.)

ಏರಿಗಿಂತ ಇಳಿಜಾರೇ ಭಯದ ಸ್ಥಳ. ಒಂದೂವರೆ ಟನ್ನು ತೂಗುವ ಗಾಡಿ 100 ಮೀಟರು ಎತ್ತರದಿಂದ ಇಳಿದು ಬರುವಾಗ ಬ್ರೇಕುಗಳೇ ಅದನ್ನು ಪೂರ್ತಿ ತಡೆಯಬೇಕಾದರೆ, ಸುಮಾರು ನಾಲ್ಕೂವರೆ ಲೀಟರು ತಣ್ಣೀರನ್ನು ಕುದಿಸುವಷ್ಟು ಶಾಖ ಆ ನಾಲ್ಕು ಚಕ್ರಗಳಲ್ಲಿ ಹುಟ್ಟುತ್ತದೆ. ತೂಕ ಹೆಚ್ಚಿದಷ್ಟೂ ಶಾಖವೂ ಹೆಚ್ಚು. ಕಾದ ಬ್ರೇಕು ಹಿಡಿಯುವುದಿಲ್ಲ. ಬ್ರೇಕಿನ ಎಣ್ಣೆ ಹಳೆಯದಾಗಿ ನೀರಿನ ತೇವ ಹೀರಿದ್ದರೆ ಅದು ಕುದಿದು ಪೆಡಲು ಮೆತ್ತಗಾಗಿ ಕಾಲ ಕೆಳಗೆ ಹೋಗುತ್ತದೆ. ತೊಪ್ಪೂರು ಇಳಿಜಾರಿನಲ್ಲಿ 2020ರ ಡಿಸೆಂಬರಿನಲ್ಲಿಯೂ 2024ರ ಜನವರಿಯಲ್ಲಿಯೂ ಹತೋಟಿ ತಪ್ಪಿದ ಲಾರಿಗಳು ಮುಂದಿನ ವಾಹನಗಳಿಗೆ ಗುದ್ದಿ ಪ್ರಾಣಹಾನಿಯಾದದ್ದನ್ನು ವಾಚಕರು ಮರೆತಿರಲಾರರು.

ಹೀಗಿರುವಾಗ ನಮ್ಮ ಕೆಲವು ಚಾಲಕರು ಇಳಿಜಾರಿನಲ್ಲಿ ಗೇರು ಬಿಡಿಸಿ ನ್ಯೂಟ್ರಲಿನಲ್ಲಿ ಜಾರಲು ಬಿಡುತ್ತಾರೆ. ಪೆಟ್ರೋಲ್ ಉಳಿತಾಯವಂತೆ! ಇದು ಕಾರ್ಬುರೇಟರಿನ ಕಾಲದ ನಂಬಿಕೆ. ಈಗಿನ ಇಂಜೆಕ್ಷನ್ ಎಂಜಿನಿನಲ್ಲಿ ಗೇರು ಹಾಕಿಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಸುತ್ತು ತಕ್ಕಷ್ಟಿರುವವರೆಗೆ, ಪೆಟ್ರೋಲಿನ ಧಾರೆ ತಾನಾಗಿ ನಿಂತುಹೋಗುತ್ತದೆ. ನ್ಯೂಟ್ರಲಿನಲ್ಲಿಯಾದರೋ ಎಂಜಿನನ್ನು ಉಸಿರಾಡಿಸಲು ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಉಳಿಯುವುದು ಗೇರಿನಲ್ಲಿ, ಉರಿಯುವುದು ನ್ಯೂಟ್ರಲಿನಲ್ಲಿ. ಕೀಲಿ ತಿರುಗಿಸಿ ಎಂಜಿನನ್ನೇ ನಿಲ್ಲಿಸುವ ಮಹನೀಯರೂ ಇದ್ದಾರೆ. ಎಂಜಿನು ನಿಂತರೆ ಬ್ರೇಕಿಗೆ ಬಲ ಕೊಡುವ ಗಾಳಿಯ ಸೆಳೆತವೂ ನಿಲ್ಲುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲು ಕಲ್ಲಾಗುತ್ತದೆ. ಪೆಟ್ರೋಲ್ ಎಂಜಿನಿಗೆ ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯುವ ಗುಣ ಚೆನ್ನಾಗಿಯೇ ಇದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿರಿ, ಎರಡು ವರ್ಷಕ್ಕೊಮ್ಮೆ ಬ್ರೇಕಿನ ಎಣ್ಣೆ ಬದಲಿಸಿರಿ.

ಈಗ ತೂಕದ ಲೆಕ್ಕ. ಈ ಜಾತಿಯ ವ್ಯಾನು ಖಾಲಿ ತೂಕ ಸುಮಾರು 950 ಕಿಲೋ, ತುಂಬಿದಾಗ ಇರಬಹುದಾದ ಗರಿಷ್ಠ ತೂಕ ಸುಮಾರು 1500 ಕಿಲೋ. ಹೊರಬಹುದಾದದ್ದು 550 ಕಿಲೋ ಆಯಿತು. ಬುತ್ತಿ, ಕುಡುಗೋಲು ಸಹಿತ ತಲೆಗೆ 60 ಕಿಲೋ ಎಂದರೆ ಒಂಬತ್ತು ಜನಕ್ಕೆ 540. ಹದಿನಾರು ಆಳು, ಚಾಲಕನೊಬ್ಬ ಸೇರಿದರೆ 1020, ಹೆಚ್ಚುಕಡಿಮೆ ಎರಡರಷ್ಟು. ತೂಕ ಒಂಬತ್ತಕ್ಕೆ ಒಪ್ಪಿದರೂ ಕಾಗದದಲ್ಲಿ ಇರುವ ಸೀಟು ಏಳೋ ಆರೋ. ಬೆಲ್ಟು ಇರುವುದೂ ಅಷ್ಟಕ್ಕೇ.

ಅಪಘಾತವಾದರೆ ವಿಮೆಯವರು ಕೊಡುತ್ತಾರೆ ಎಂದು ಗಾಡಿಯ ಯಜಮಾನರು ನಂಬಿರುತ್ತಾರೆ. ಪರವಾನಗಿಗೆ ಮೀರಿ ಜನ ತುಂಬಿದ ಬಸ್ಸೊಂದರ ಮೊಕದ್ದಮೆಯಲ್ಲಿ, ವಿಮಾ ಕಂಪೆನಿಯ ಹೊಣೆ ಪಾಲಿಸಿಗೆ ಒಳಪಟ್ಟ ಸಂಖ್ಯೆಯ ಪ್ರಯಾಣಿಕರಿಗೆ ಮಾತ್ರ ಎಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿದೆ. ಸರಕಿನ ಗಾಡಿಯಲ್ಲಿ ಪುಕ್ಕಟೆ ಹತ್ತಿದವರಿಗೆ ಕಂಪೆನಿ ಹೊಣೆಯಲ್ಲವೆಂದು 2002ರಲ್ಲಿಯೇ ತೀರ್ಪಾಗಿದೆ. ಮಿಕ್ಕವರ ಪರಿಹಾರ ಯಜಮಾನನ ಹೊಲದ ಮೇಲೆ ಬರುತ್ತದೆ. ಹೆಚ್ಚಿನ ಪ್ರಯಾಣಿಕನೊಬ್ಬನಿಗೆ 200 ರೂಪಾಯಿಯಂತೆ ಕಾಯಿದೆ ವಿಧಿಸುವ ದಂಡ ಇದರ ಮುಂದೆ ಯಾವ ಲೆಕ್ಕ?

ಬಸ್ಸಿದೆಯಲ್ಲ ಎನ್ನುವವರಿಗೂ ಒಂದು ಮಾತು. 2021ರಿಂದ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಪ್ರಯಾಣ ಬಂದದ್ದು ದೊಡ್ಡ ಉಪಕಾರ. ಆದರೆ ಹೂ ಕೊಯ್ಲಿಗೆ ಹೊತ್ತು ಮೂಡುವ ಮುಂಚೆ ತೋಟದಲ್ಲಿರಬೇಕು, ಬಸ್ಸು ತೋಟದ ಬೇಲಿಯವರೆಗೆ ಬರುವುದಿಲ್ಲ. ವ್ಯಾನು ಬೇಕೇ ಬೇಕು.

ಹಾಗಾದರೆ ಖರ್ಚೇನು? ತೋಟ 12 ಕಿಲೋಮೀಟರು ದೂರ, ಆಳು ಹದಿನಾರು ಎನ್ನೋಣ. ನಿಜವಾದ ಒಂಬತ್ತು ಸೀಟಿನ ಗಾಡಿಯಿದ್ದರೆ ಎಂಟು ಎಂಟರಂತೆ ಎರಡು ಸುತ್ತಿಗೆ ಕೆಲಸ ಮುಗಿಯಿತು. ಬೆಳಗ್ಗೆ ಒಂದು, ಸಂಜೆ ಒಂದು ಹೆಚ್ಚಿನ ಸುತ್ತು; ಒಟ್ಟು 48 ಕಿಲೋಮೀಟರು. ಹಳ್ಳಿಯ ದಾರಿಯಲ್ಲಿ ಲೀಟರಿಗೆ 14 ಕಿಲೋಮೀಟರು ಬಂದರೆ ಮೂರೂವರೆ ಲೀಟರಿನಷ್ಟು ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ಹಿಡಿದರೆ ಮುನ್ನೂರೈವತ್ತು. ಆಳೊಬ್ಬರಿಗೆ ದಿನಕ್ಕೆ ಇಪ್ಪತ್ತೆರಡು ರೂಪಾಯಿ. ಏಳು ಸೀಟಿನದರಲ್ಲಿ ಆರಾರು ಜನರಂತೆ ಮೂರು ಸುತ್ತಾಗುತ್ತದೆ. ಆಗ ಖರ್ಚೂ ಹೊತ್ತೂ ಹೆಚ್ಚುವುದರಿಂದಲೇ ಮೇಸ್ತ್ರಿ ಎಲ್ಲರನ್ನೂ ಒಂದೇ ಸಲ ತುಂಬುವುದು. ಒಂಬತ್ತು ಎಂಬುದು ನಮ್ಮ ಕೂಲಿ ಗುಂಪಿನ ಅರ್ಧದ ಅಳತೆ. ಅದಕ್ಕಾಗಿಯೇ ನಾವು ಆ ಸಂಖ್ಯೆಯನ್ನು ಹಿಡಿದು ಕುಳಿತಿರುವುದು.

ಒಬ್ಬ ಸಣ್ಣ ರೈತನಿಗೆ ಇಂಥ ಗಾಡಿ ಸಾಕುವುದು ಕಷ್ಟ. ಹಳ್ಳಿಯ ಐದಾರು ತೋಟದವರು ಇಲ್ಲವೆ ರೈತ ಉತ್ಪಾದಕರ ಸಂಘದವರು ಕೂಡಿ ಒಂದು ಗಾಡಿಯನ್ನು ಮ್ಯಾಕ್ಸಿ ಕ್ಯಾಬ್ ಪರ್ಮಿಟ್ಟಿನಲ್ಲಿ ಇಡಬಹುದು. ನಡುಹಗಲು ಖಾಲಿ ನಿಲ್ಲುವ ಹೊತ್ತಿನಲ್ಲಿ ಶಾಲೆಯ ಮಕ್ಕಳಿಗೋ ಆಸ್ಪತ್ರೆಗೆ ಹೋಗುವವರಿಗೋ ಒದಗಬಹುದು. ಕಾರ್ಖಾನೆಯವರನ್ನೂ ನಾವು ಕೇಳುತ್ತೇವೆ: ಒಂಬತ್ತು ಜನಕ್ಕೆ ಒಂಬತ್ತು ಬೆಲ್ಟು, ಅದಕ್ಕೆ ತಕ್ಕ ಬ್ರೇಕು, ಎದುರಿಗೆ ಒಂದು ಗೇಣು ಮೂತಿ, ಘಾಟಿಗೆ ತಕ್ಕ ಕೆಳಗೇರು ಇರುವ ಪೆಟ್ರೋಲ್ ವ್ಯಾನನ್ನು ನಮ್ಮ ಸೀಮೆಯ ಬೆಲೆಗೆ ಮಾಡಿಕೊಡಿರಿ. ಡೆಂಕಣಿಕೋಟೆಯಿಂದ ಸೇಲಮಿನವರೆಗೆ ಕೊಳ್ಳುವವರು ಕಾದಿದ್ದಾರೆ.