ಅಶ್ವಥ್ ಹಾಡಿದ ಶರೀಫ, ನಮ್ಮತ್ತಿ ಹಾಡಿದ ಶರೀಫ

ಮೊನ್ನೆ ಬೀದರದಾಗ ಒಂದು ಲಗ್ನಕ್ಕ ಹೋಗಿದ್ದೆ. ಊಟಕ್ಕ ಕುಂತಾಗ ಸ್ಪೀಕರದಾಗ ಸಿ. ಅಶ್ವಥ್ ದನಿ ಬಂತು. ಶಿಶುನಾಳ ಶರೀಫರ ಮಾಳಿಗಿ ಸೋರೋ ಪದ. ಬಾಜೂಕ ಕುಂತ ಹುಡುಗಿ, "ಎಷ್ಟ್ ಛಂದ ಹಾಡ್ಯಾರ ಅಲ್ಲ ಆಂಟಿ?" ಅಂದ್ಳು. ಹೂಂ ಅಂದೆ. ಖರೇ ಹೋಳಿಗಿ ಗಂಟಲದಾಗ ಇಳೀಲಿಲ್ಲ. ಯಾಕಂತ ಹೇಳ್ತೀನಿ ಕೇಳ್ರಿ.

ನನ್ನ ತವರು ಭಾಲ್ಕಿ, ಕೊಟ್ಟಿದ್ದು ಔರಾದ ಕಡಿ ಹಳ್ಳಿಗಿ. 1990ರಾಗ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಸಂಗೀತ ಅಶ್ವಥ್ ಅವರದೇ. ಅದರ ಮುಂದಿನ ವರ್ಷ ನನ್ನ ಲಗ್ನ ಆಯ್ತು. ನಮ್ಮಣ್ಣ ಟೇಪ್‌ರೆಕಾರ್ಡರ್ ಕೊಟ್ಟ, ಜೋಡಿ ಅಶ್ವಥ್ ಹಾಡಿದ ಶರೀಫರ ಪದಗಳ ಕ್ಯಾಸೆಟ್ಟೂ ಕೊಟ್ಟ.

ಹಳ್ಳ್ಯಾಗ ಕೇಳಿದವರು ಒಬ್ಬೊಬ್ಬರು ಒಂದೊಂದು ಅಂದ್ರು. ನನ್ನ ಮೈದುನ ದಿನಾ ಸಂಜೀಕ ಅದನ್ನೇ ಹಚ್ತಿದ್ದ. ಬಾಜೂ ಮನಿ ಮಾಸ್ತರು, "ಇಷ್ಟ್ ಜೋರ್ ಯಾಕ ಒದರ್ತಾರ?" ಅಂತಿದ್ರು. ನಮ್ಮತ್ತಿ ಮಾತ್ರ ಎರಡು ಸಲ ಸುಮ್ಮನ ಕೇಳಿ, "ದನಿ ಗಟ್ಟಿ ಅದ. ಖರೇ ಅವಸರ ಮಾಡ್ಯಾನ. ಮಾಳಿಗಿ ಹಿಂಗ ಸೋರಂಗಿಲ್ಲ ಯವ್ವಾ" ಅಂದ್ರು.

ಅತ್ತಿ ಭಜನಿದಾಗ ಆ ಪದ ಹಾಡ್ತಿದ್ರು. ಏಕತಾರಿ, ತಾಳ, ಮುಗೀತು. ಒಂದು ಸಾಲು ಹಾಡಿ ನಿಂತು, ಮತ್ತ ಇನ್ನೊಂದು. ನಮ್ಮ ಮನಿ ಮಣ್ಣಿನ ಮಾಳಿಗೀದು. ಮಿರಗದ ಮಳಿಗಿಂತ ಮೊದಲು ಹೊಸ ಮಣ್ಣು ಹಾಕಿ ತುಳೀದಿದ್ರ ಒಳಗೆಲ್ಲ ಬೋಗಾಣಿ ಇಡಬೇಕು. ಹೊರಗ ಮಳಿ ನಿಂತ್ರೂ ಒಳಗ ಬೆಳತನಕ ಟಪ್, ಟಪ್ ಅಂತದ. ಅತ್ತಿ ಹಾಡೋದೂ ಹಂಗೇ ಇತ್ತು. ಅದು ನನಗ ಆಗ ತಿಳೀಲಿಲ್ಲ. ಪಿಯುಸಿ ಕಲ್ತ ಸೊಸಿ ನಾನು! ಒಂದಿನ ನಾಕ್ ಮಂದಿ ಮುಂದ, "ಅತ್ತಿ, ನಿಮ್ಮ ಧಾಟಿ ತಪ್ಪದ, ಕ್ಯಾಸೆಟ್ಟಿನಾಗ ಹಿಂಗಿಲ್ಲ" ಅಂದು ನಕ್ಕೆ.

ಅತ್ತಿ ಏನೂ ಅನ್ನಲಿಲ್ಲ. ಆದ್ರ ಆಮ್ಯಾಲ ಆ ಪದ ನನ್ನ ಮುಂದ ಹಾಡಲಿಲ್ಲ. ಬರಬರ್ತಾ ಭಜನ್ಯಾಗೂ ಬಿಟ್ರು. ಅವರು ಹೋಗಿ ಹನ್ನೆರಡು ವರ್ಷ ಆಯ್ತು.

ಇದು ಅಶ್ವಥ್ ಅವರ ತಪ್ಪಲ್ಲ. ಅವರು ಐಟಿಐ ಕಾರ್ಖಾನ್ಯಾಗ ನೌಕರಿ ಮಾಡ್ಕೋತ ಹಾಡಿದವರು. ಶಿಗ್ಗಾವಿ ಕಡಿ ಒಂದು ಹಳ್ಳಿ ಸಂತನ ಪದ ನಾಡಿಗೆಲ್ಲ ಮುಟ್ಟಿಸಿದ್ರು. 2005ರಾಗ ಬೆಂಗಳೂರ ಅರಮನಿ ಮೈದಾನದಾಗ 'ಕನ್ನಡವೇ ಸತ್ಯ' ಅಂತ ದೊಡ್ಡ ಕಾರ್ಯಕ್ರಮ ಮಾಡಿದ್ರು. 2009ರ ಡಿಸೆಂಬರ್ 29ಕ್ಕ, ಅವರು ಹುಟ್ಟಿದ ದಿನಾನೇ, ತೀರಿಕೊಂಡಾಗ ನಾನೂ ಅತ್ತೀನಿ. ಅವರು ತಮ್ಮ ದನಿಲೆ ಹಾಡಿದ್ರು, ಮತ್ತೊಬ್ಬರು ಹಾಡಬ್ಯಾಡ್ರಿ ಅನ್ನಲಿಲ್ಲ. ಹಂಗಂದಾಕಿ ನಾನು.

ಕ್ಯಾಸೆಟ್ಟಿನಾಗ ಬಂದದ್ದೇ ಖರೇ, ಮನ್ಯಾಗಿಂದು ತಪ್ಪು ಅನ್ನೋ ಬುದ್ಧಿ ನಮಗ ಎಲ್ಲಿಂದ ಬಂತೋ! ಶರೀಫರು ಹೋಗಿದ್ದು 1889ರಾಗ. ಆಗ ಕ್ಯಾಸೆಟ್ ಎಲ್ಲಿತ್ತು? ತತ್ವಪದ ಬಾಯಿಂದ ಬಾಯಿಗಿ ನಡೀತಾ ಬಂದದ. ಕಡಕೋಳ ಮಡಿವಾಳಪ್ಪನವರ ಪದಾನೂ ಹಂಗೇ. ಊರಿಗೊಂದು ಧಾಟಿ ಇರೋದೇ ಅದರ ರೀತಿ. ಒಂದೇ ರೊಟ್ಟಿ, ಭಾಲ್ಕ್ಯಾಗ ನಮ್ಮವ್ವ ತೆಳ್ಳಗ ಬಡೀತಿದ್ಳು, ಔರಾದ ಕಡಿ ಅತ್ತಿ ದಪ್ಪ ಬಡೀತಿದ್ರು. ಯಾವುದು ತಪ್ಪು ಹೇಳ್ರಿ?

ಈಗ ಎಲ್ಲಾರ ಕೈಯಾಗ ಮೊಬೈಲ್ ಅದ. ಅಶ್ವಥ್ ಅವರನ್ನ ಕೇಳ್ರಿ, ಮನಸ್ಸು ತುಂಬಿ ಕೇಳ್ರಿ. ಮುಗದ ಮ್ಯಾಲ ಮನ್ಯಾಗಿನ ಮುದುಕರಿಗಿ, "ನಿಮ್ಮೂರಾಗ ಇದು ಹ್ಯಾಂಗ ಹಾಡ್ತಿದ್ರು?" ಅಂತ ಕೇಳಿ ರೆಕಾರ್ಡ್ ಮಾಡ್ಕೋರಿ. ನಡು ನಡು ಕೆಮ್ಮಿದ್ರೂ ಇರಲಿ.

ಅತ್ತೀದು ಒಂದು ಸಾಲೂ ನನ್ನ ಹತ್ರ ಇಲ್ಲ. ರೊಟ್ಟಿ ಬಡಿಯಾಗ ಒಮ್ಮೊಮ್ಮೆ ಆ ಧಾಟಿ ನೆನಪಾಗ್ತದ. ಎರಡು ಸಾಲು ಬರೋಬ್ಬರ್ ಬರ್ತದ. ಮೂರನೇ ಸಾಲಿಗಿ ಬಂದ್ರ ಅಶ್ವಥ್ ಅವರದೇ ಧಾಟಿ ಬಾಯಿಗಿ ಬರ್ತದ.